ಹದಿನಾರನೇ ದಿನದ ಕಲೆ: ಲೆಟ್ರೊಜೋಲ್ ಚಿಕಿತ್ಸೆಯ ನಡುವೆ ಕಂಡ ರಕ್ತದ ಒಂದು ಪ್ರಕರಣ

ಇದು ಒಬ್ಬ ನಿಜವಾದ ಹೆಣ್ಣುಮಗಳ ಕಡತವಲ್ಲ. ಮಕ್ಕಳಿಗಾಗಿ ಗುಳಿಗೆ ತೆಗೆದುಕೊಳ್ಳುವವರಲ್ಲಿ ಮೇಲಿಂದ ಮೇಲೆ ಕಾಣುವ ಸಂಗತಿಗಳನ್ನು ಒಬ್ಬಳ ಮೇಲೆ ಹೊಂದಿಸಿ ಬರೆದದ್ದು. ಗುಳಿಗೆಯ ಪ್ರಮಾಣಗಳೆಲ್ಲ ಸಾಮಾನ್ಯವಾಗಿ ಬಳಕೆಯಲ್ಲಿರುವವೇ. ಆದರೂ ಇದನ್ನು ಓದಿ ಯಾರೂ ಔಷಧಿ ಅಂಗಡಿಗೆ ಹೋಗುವಂತಿಲ್ಲ.

ಗದಗದ ಪಕ್ಕದ ಬೆಟಗೇರಿಯ 28 ವರ್ಷದ ಹೆಣ್ಣುಮಗಳು. ಮದುವೆಯಾಗಿ ನಾಲ್ಕು ವರ್ಷ. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ, ಗಂಡ ಟಂಟಂ ಓಡಿಸುತ್ತಾನೆ. ಎತ್ತರ 152 ಸೆಂ.ಮೀ., ತೂಕ 66 ಕೆ.ಜಿ., ಅಂದರೆ ಬಿಎಂಐ 28ರ ಮೇಲೆ. ಮುಟ್ಟು ಬರುವುದು 40 ದಿನಕ್ಕೊಮ್ಮೆ, ಕೆಲವೊಮ್ಮೆ 70 ದಿನಕ್ಕೊಮ್ಮೆ. 24ರಿಂದ 38 ದಿನದೊಳಗೆ ಬಂದರೆ ಸಹಜ ಎಂದು ಲೆಕ್ಕ. ಗಲ್ಲದ ಮೇಲೆ ಒರಟು ಕೂದಲು, ಸ್ಕ್ಯಾನಿಂಗ್‌ನಲ್ಲಿ ಎರಡೂ ಅಂಡಾಶಯಗಳ ತುಂಬ ಸಣ್ಣ ಗುಳ್ಳೆಗಳು. ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಲಕ್ಷಣ, ಸ್ಕ್ಯಾನಿಂಗ್ ಚಿತ್ರ, ಈ ಮೂರರಲ್ಲಿ ಎರಡಿದ್ದರೆ ಪಿಸಿಒಎಸ್ (ಹಾರ್ಮೋನಿನ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಎನ್ನುವುದು 2003ರಿಂದ ಇರುವ ಅಳತೆ. ಇವಳಿಗೆ ಮೂರೂ ಇದ್ದವು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಸರಿಯಿದ್ದವು. ಹಿಮೋಗ್ಲೋಬಿನ್ ಮಾತ್ರ 9.4. ಮುಟ್ಟಿನ 8ನೇ ದಿನ ಮಾಡಿದ ಗರ್ಭನಳಿಕೆಯ ಪರೀಕ್ಷೆಯಲ್ಲಿ ಎರಡೂ ನಳಿಕೆ ತೆರೆದಿದ್ದವು.

ಇದಕ್ಕೂ ಮೊದಲು ಬೇರೊಂದು ಕಡೆ ಮೂರು ಮುಟ್ಟಿನ ಸುತ್ತು ಅಂಡ ಬಿಡಿಸುವ ಗುಳಿಗೆ ಕ್ಲೋಮಿಫೀನ್ 50 ಮಿ.ಗ್ರಾಂ. ನುಂಗಿದ್ದಳು, ಒಂದೂ ಸ್ಕ್ಯಾನಿಂಗ್ ಇಲ್ಲದೆ. ಆ ಮೂರು ಸುತ್ತುಗಳಲ್ಲಿ ರಕ್ತ ಕಂಡದ್ದು 22, 51 ಮತ್ತು 35 ದಿನಗಳ ಅಂತರದಲ್ಲಿ. ಅಂಡ ಬಿಡುಗಡೆ ಆಗಿತ್ತೋ ಇಲ್ಲವೋ ಹೇಳುವ ಒಂದು ಸಾಲೂ ಆ ಕಾಗದಗಳಲ್ಲಿರಲಿಲ್ಲ. ಹೀಗೆ ಕೊಟ್ಟ ಗುಳಿಗೆಯಿಂದ ಗರ್ಭ ನಿಂತರೆ ಪುಣ್ಯ. ನಿಲ್ಲದಿದ್ದರೆ ಮಾತ್ರ ಮುಂದಿನ ವೈದ್ಯರಿಗೆ ಯಾವ ಸುಳಿವೂ ಸಿಗುವುದಿಲ್ಲ.

ಗಂಡನ ತಪಾಸಣೆಯಲ್ಲೂ ಒಂದು ಎಡವಟ್ಟು ಆಗಿತ್ತು. ವೀರ್ಯದ ಮಾದರಿಯನ್ನು ಮನೆಯಲ್ಲೇ ಬಾಟಲಿಗೆ ತೆಗೆದು ಬಸ್ಸಿನಲ್ಲಿ ಹುಬ್ಬಳ್ಳಿಗೆ ಒಯ್ದಿದ್ದ. ಗದಗದಿಂದ ಹುಬ್ಬಳ್ಳಿ 60 ಕಿ.ಮೀ. ಹತ್ತಿರ. ಬಸ್ಸು ಕಾಯ್ದು, ಇಳಿದು, ಲ್ಯಾಬ್ ಹುಡುಕುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಮಾದರಿ ಮೈಶಾಖದಲ್ಲೇ ಇದ್ದು ಒಂದು ತಾಸಿನೊಳಗೆ ಲ್ಯಾಬ್ ಮುಟ್ಟಬೇಕು. ವರದಿಯಲ್ಲಿ ಮುಂದಕ್ಕೆ ಈಜುವ ವೀರ್ಯಾಣು ಶೇ. 9 ಎಂದು ಬಂದು ಮನೆಮಂದಿಯೆಲ್ಲ ಅಂಜಿದ್ದರು. ಮೂರು ದಿನ ಬಿಟ್ಟು ಲ್ಯಾಬಿನಲ್ಲೇ ಕೊಟ್ಟಾಗ ಶೇ. 27 ಬಂತು, ಕನಿಷ್ಠ 30 ಬೇಕು. ಗುಟ್ಕಾ ಬಿಡಿಸಿ ಮೂರು ತಿಂಗಳ ನಂತರ ನೋಡೋಣ ಎಂದು ನಿಕ್ಕಿಯಾಯಿತು. ಹೊಸ ವೀರ್ಯಾಣು ತಯಾರಾಗಿ ಬರಲು ಎರಡೂವರೆ ತಿಂಗಳಾದರೂ ಬೇಕಾಗುವುದರಿಂದ ಅದಕ್ಕೂ ಮೊದಲು ಮರುಪರೀಕ್ಷೆ ಮಾಡಿಸಿದರೆ ದುಡ್ಡು ದಂಡ.

ಗುಳಿಗೆ ಹೇಗೆ ಕೆಲಸ ಮಾಡುತ್ತದೆ

ಚಿಕಿತ್ಸೆಗೆ ಆರಿಸಿದ್ದು ಲೆಟ್ರೊಜೋಲ್. ಮನೆಯ ಮೈದುನ ಫೋನಿನಲ್ಲಿ ಹುಡುಕಿ ‘ವೈನಿ, ಇದು ಸ್ತನದ ಕ್ಯಾನ್ಸರಿನ ಗುಳಗಿ ಐತಿ’ ಎಂದು ಗಾಬರಿ ಹುಟ್ಟಿಸಿದ್ದ. ಅವನು ಓದಿದ್ದು ಸುಳ್ಳಲ್ಲ, ಗುಳಿಗೆಯ ಮೊದಲ ಬಳಕೆ ಅದೇ. ಭಾರತದಲ್ಲಿ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಇದನ್ನು ನಿಷೇಧಿಸಿ, 2017ರಲ್ಲಿ ನಿಷೇಧ ತೆಗೆದರು. ಪಿಸಿಒಎಸ್ ಇದ್ದ 750 ಹೆಣ್ಣುಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೆಟ್ರೊಜೋಲ್ ತೆಗೆದುಕೊಂಡವರಲ್ಲಿ ಶೇ. 27.5 ಮಂದಿಗೆ ಮಗು ಹುಟ್ಟಿತು, ಕ್ಲೋಮಿಫೀನ್‌ನಲ್ಲಿ ಶೇ. 19.1. ಈಗ ಪಿಸಿಒಎಸ್‌ಗೆ ಮೊದಲು ಕೊಡುವ ಗುಳಿಗೆಯೇ ಇದು.

ಐದು ದಿನ ನುಂಗಿದಾಗ ಮೈಯಲ್ಲಿ ಹೆಣ್ಣು ಹಾರ್ಮೋನ್ ಈಸ್ಟ್ರೊಜೆನ್ ತಯಾರಿ ಕುಸಿಯುತ್ತದೆ. ಸಾಲದು ಎಂದುಕೊಂಡ ಮಿದುಳು ಗುಳ್ಳೆ ಬೆಳೆಸುವ ಹಾರ್ಮೋನ್ ಎಫ್‌ಎಸ್‌ಎಚ್ ಹೆಚ್ಚು ಬಿಡುತ್ತದೆ, ಅದರ ಬಲದಿಂದ ಅಂಡವಿರುವ ಒಂದು ಗುಳ್ಳೆ ಮಿಕ್ಕವನ್ನು ಹಿಂದೆ ಹಾಕಿ ಬೆಳೆಯುತ್ತದೆ. ಗುಳಿಗೆಯ ಅಂಶ ಎರಡು ದಿನಕ್ಕೊಮ್ಮೆ ಅರ್ಧಕ್ಕಿಳಿಯುವುದರಿಂದ ಅಂಡ ಹೊರಬೀಳುವ ಹೊತ್ತಿಗೆ ಮೈಯಲ್ಲಿ ಹೆಚ್ಚು ಉಳಿದಿರುವುದಿಲ್ಲ. ಕ್ಲೋಮಿಫೀನ್ ಹಾಗಲ್ಲ. ಅದು ಬಹಳ ದಿನ ನಿಲ್ಲುತ್ತದೆ, ಕೆಲವರಲ್ಲಿ ಗರ್ಭಕೋಶದ ಒಳಪದರವನ್ನೂ ತೆಳು ಮಾಡುತ್ತದೆ.

ಈ ಲೆಕ್ಕವೆಲ್ಲ ನಿಂತಿರುವುದು ‘ಮುಟ್ಟಿನ 3ನೇ ದಿನದಿಂದ 7ನೇ ದಿನದವರೆಗೆ’ ಎಂಬ ಒಂದು ಸಾಲಿನ ಮೇಲೆ. ಮೂರನೇ ದಿನ ಯಾವುದೆಂದು ತಿಳಿಯಲು ಮೊದಲನೇ ದಿನ ಗೊತ್ತಿರಬೇಕು. ಇವಳ ಪ್ರಕರಣ ಹಾದಿ ತಪ್ಪಿದ್ದು ಅಲ್ಲೇ.

ಮೊದಲ ಸುತ್ತು

55 ದಿನವಾದರೂ ಮುಟ್ಟು ಬಾರದ್ದರಿಂದ ಮೊದಲು ಮೂತ್ರದಲ್ಲಿ ಗರ್ಭಪರೀಕ್ಷೆ ಮಾಡಿ, ಇಲ್ಲವೆಂದು ಖಾತ್ರಿಯಾದ ಮೇಲೆ ಮುಟ್ಟು ಬರಿಸಲು ಮೆಡ್ರಾಕ್ಸಿಪ್ರೊಜೆಸ್ಟಿರಾನ್ 10 ಮಿ.ಗ್ರಾಂ. ಏಳು ದಿನ ಕೊಟ್ಟರು. ಕೊನೆಯ ಗುಳಿಗೆಯ ನಾಲ್ಕನೇ ದಿನ ಚೆನ್ನಾಗಿ ಹರಿಯಿತು. ಅದೇ 1ನೇ ದಿನ. 3ರಿಂದ 7ರವರೆಗೆ ಲೆಟ್ರೊಜೋಲ್ 2.5 ಮಿ.ಗ್ರಾಂ., ದಿನಕ್ಕೊಂದು. 11ನೇ ದಿನದ ಸ್ಕ್ಯಾನಿಂಗ್‌ನಲ್ಲಿ ಬಲ ಅಂಡಾಶಯದಲ್ಲಿ 13 ಮಿ.ಮೀ. ಗುಳ್ಳೆ, ವರದಿಗಳು ಫಾಲಿಕಲ್ ಎಂದು ಬರೆಯುವುದು ಇದನ್ನೇ. ಒಳಪದರ 6.5 ಮಿ.ಮೀ. ಗುಳ್ಳೆ ದಿನಕ್ಕೆ ಒಂದೂವರೆ, ಎರಡು ಮಿ.ಮೀ. ಬೆಳೆಯುತ್ತದೆ, 18 ದಾಟಿದ ಮೇಲೆ ಒಡೆಯುತ್ತದೆ. 13ನೇ ದಿನ ಮತ್ತೆ ಬರಲು ಹೇಳಿದ್ದರು.

ಬರಲಿಲ್ಲ. 12ನೇ ದಿನ ಪಂಚಮಿಗೆಂದು ಅಣ್ಣ ಬಂದು ರೋಣ ತಾಲೂಕಿನ ತವರಿಗೆ ಕರೆದೊಯ್ದಿದ್ದ. ಉಂಡಿ, ಜೋಕಾಲಿ, ಐದಾರು ದಿನ. ಗಂಡ ಬೆಟಗೇರಿಯಲ್ಲೇ ಉಳಿದ.

16ನೇ ದಿನ ಬೆಳಿಗ್ಗೆ ಬಟ್ಟೆಗೆ ಕಲೆ ಕಂಡಿತು. ತಾಯಿ ‘ಕಡಿಗಾದಿ’ ಎಂದು ದೇವರ ಕೋಣೆಯಿಂದ ದೂರ ಕೂರಿಸಿದಳು. 18ನೇ ದಿನ ಬೆಟಗೇರಿಗೆ ಮರಳಿ, ಕಲೆ ಕಂಡ ದಿನದಿಂದ ಮೂರನೇ ದಿನವಾಯಿತೆಂದು ಎರಡನೇ ಪಟ್ಟಿಯ ಗುಳಿಗೆ ಶುರು ಮಾಡಿದಳು. ಚೀಟಿಯಲ್ಲಿ ‘ಗರ್ಭ ನಿಲ್ಲದಿದ್ದರೆ ಮುಂದಿನ ಮುಟ್ಟಿನ 3ನೇ ದಿನದಿಂದ 5 ಮಿ.ಗ್ರಾಂ.’ ಎಂದು ಮುಂಚೆಯೇ ಬರೆದಿತ್ತು, ಅಂಗಡಿಯವರು ಎರಡೂ ತಿಂಗಳದ್ದನ್ನು ಒಟ್ಟಿಗೆ ಕೊಟ್ಟಿದ್ದರು. ಊರು ದೂರವೆಂದು ರೋಗಿಗೆ ಅನುಕೂಲ ಮಾಡಲು ಹೀಗೆ ಬರೆಯುತ್ತಾರೆ. ಅದರಿಂದ ‘ಇದು ಮುಟ್ಟು ಹೌದೋ ಅಲ್ಲವೋ’ ಎಂದು ತೀರ್ಮಾನಿಸುವ ಕೆಲಸ ಔಷಧ ಗೊತ್ತಿಲ್ಲದವಳ ಹೆಗಲಿಗೆ ಬೀಳುತ್ತದೆ.

19ನೇ ದಿನ ಎರಡನೇ ಗುಳಿಗೆ ನುಂಗಿದ ಮೇಲೆ ನರ್ಸಿಗೆ ಫೋನ್ ಮಾಡಿದಳು.

‘ಸಿಸ್ಟರ, ಮತ್ತ ಕಡಿಗಾಗೀನ್ರಿ. ಎರಡನೇ ಗುಳಗಿ ಚಾಲೂ ಮಾಡೀನ್ರಿ.’

‘ಇಷ್ಟ್ ಲಗೂನ? ಪ್ಯಾಡ್ ತೊಯ್ದಿತ್ತೇನವ್ವಾ?’

‘ಇಲ್ರಿ, ಬರೇ ಕಲಿ ಆಗಿತ್ತು. ಕಂದು ಬಣ್ಣ. ಎರಡ ದಿನಕ್ಕ ನಿಂತತ್ರಿ.’

‘ಅದಕ್ಕಿಂತ ಮೊದಲ ಬಿಳಿ ಹೋಗಿತ್ತೇನು, ತತ್ತಿ ಲೋಳಿ ಇದ್ದಂಗ?’

‘ಹೌದ್ರಿ, ಮೂರ ದಿನ ಹೋತು. ಬಲಕ್ಕ ಕಿಬ್ಬೊಟ್ಟಿ ಹಿಡದಂಗೂ ಆಗಿತ್ತು.’

‘ಗುಳಗಿ ನಿಲ್ಲಸು. ನಾಳೆ ಬಂದಬಿಡು.’

ಈ ನಾಲ್ಕು ಉತ್ತರಗಳಲ್ಲೇ ಅರ್ಧ ರೋಗನಿರ್ಣಯ ಆಗಿಹೋಯಿತು. ಮಿಕ್ಕರ್ಧ ಬರೀ ಲೆಕ್ಕ. ಅಂಡ ಹೊರಬಿದ್ದ ಮೇಲೆ ನಿಜವಾದ ಮುಟ್ಟು ಬರಲು 12ರಿಂದ 14 ದಿನ ಬೇಕು. 16ನೇ ದಿನದ್ದು ಮುಟ್ಟಾಗಿದ್ದರೆ ಅಂಡ 2ನೇ ದಿನದಿಂದ 4ನೇ ದಿನದೊಳಗೆ ಬಿಡುಗಡೆ ಆಗಿರಬೇಕಿತ್ತು. ಆಗ ಅವಳು ಮೊದಲ ಪಟ್ಟಿಯ ಗುಳಿಗೆ ಇನ್ನೂ ಮುಗಿಸಿರಲಿಲ್ಲ, 11ನೇ ದಿನವೂ ಗುಳ್ಳೆ ಬರೀ 13 ಮಿ.ಮೀ. ಇತ್ತು. ಕೂಡುವ ಲೆಕ್ಕವಲ್ಲ.

20ನೇ ದಿನದ ಸ್ಕ್ಯಾನಿಂಗ್‌ನಲ್ಲಿ ಬಲಗಡೆಯ ದುಂಡನೆಯ ಗುಳ್ಳೆ ಕುಸಿದು ಸುಕ್ಕುಗಟ್ಟಿ, ಅಂಡ ಬಿಟ್ಟ ಮೇಲಿನ ಗುಳ್ಳೆಗೆ ಹೇಳುವ ಕಾರ್ಪಸ್ ಲೂಟಿಯಂ ಆಗಿತ್ತು. ಗರ್ಭಕೋಶದ ಹಿಂದೆ ತುಸು ನೀರು. ಒಳಪದರ 9 ಮಿ.ಮೀ., ಅಂಡ ಬಿಡುವ ಮೊದಲು ಕಾಣುವ ಮೂರು ಗೆರೆ ಅಳಿಸಿ ಒಂದೇ ಸಮ ಬೆಳ್ಳಗಾಗಿತ್ತು. ಅಂಡ ಬಿಡುಗಡೆ ಆಗಿ ನಾಲ್ಕೈದು ದಿನವಾಗಿದೆ ಎಂದು ಇವೆಲ್ಲ ಒಂದೇ ಮಾತು ಹೇಳುತ್ತಿದ್ದವು. 22ನೇ ದಿನ ರಕ್ತದಲ್ಲಿ, ಅಂಡ ಬಿಟ್ಟ ಮೇಲೆ ಏರುವ ಹಾರ್ಮೋನ್ ಪ್ರೊಜೆಸ್ಟಿರಾನ್ 11.4 ನ್ಯಾನೊಗ್ರಾಂ. 3 ದಾಟಿದರೆ ಅಂಡ ಬಿಟ್ಟಿದೆ ಎಂದರ್ಥ. ಈ ಪರೀಕ್ಷೆಯನ್ನು ‘21ನೇ ದಿನ’ ಎಂದು ಕಣ್ಣುಮುಚ್ಚಿ ಬರೆದುಕೊಡುವ ರೂಢಿಯಿದೆ. 28 ದಿನಕ್ಕೆ ಮುಟ್ಟಾಗುವವರಿಗಷ್ಟೇ ಅದು ಸರಿ. ಉಳಿದವರಿಗೆ ಅಂಡ ಬಿಟ್ಟ ದಿನದಿಂದ ಏಳು ಎಣಿಸಬೇಕು.

ಹಾಗಾದರೆ ಆ ಕಲೆ ಏನು? ಅಂಡ ಹೊರಬೀಳುವ ಹೊತ್ತಿಗೆ ಏರಿದ್ದ ಈಸ್ಟ್ರೊಜೆನ್ ಒಮ್ಮೆಲೆ ಇಳಿಯುತ್ತದೆ, ಪ್ರೊಜೆಸ್ಟಿರಾನ್ ಇನ್ನೂ ಏರಿರುವುದಿಲ್ಲ. ಆ ಸಂದಿಯಲ್ಲಿ ಒಳಪದರದ ತುದಿ ಕೆಲವರಲ್ಲಿ ಸ್ವಲ್ಪ ಒಸರುತ್ತದೆ. ಎಲ್ಲರಿಗೂ ಆಗುವುದಿಲ್ಲ, ಆದರೂ ರೋಗವಲ್ಲ.

ಎರಡು ಗುಳಿಗೆ ಹೊಟ್ಟೆಗೆ ಹೋದದ್ದಕ್ಕೆ ಅವಳು ಬಹಳ ಅತ್ತಳು. ಗರ್ಭ ನಿಂತಿದ್ದರೆ ಏನು ಗತಿ ಎಂಬ ಚಿಂತೆ ನ್ಯಾಯವಾದದ್ದೇ, ಬಸುರಿನಲ್ಲಿ ಕೊಡುವ ಗುಳಿಗೆ ಇದಲ್ಲ. ಆದರೆ ಅಂಡ ಬಿಟ್ಟ ವಾರದಲ್ಲಿ ಗಂಡ ಹೆಂಡತಿ ಒಂದೇ ಊರಲ್ಲಿ ಇರಲಿಲ್ಲ. 30ನೇ ದಿನ ಪ್ಯಾಡ್ ತೊಯ್ಯುವಂತೆ ಹರಿಯಿತು.

ಈ ಸುತ್ತಿನಿಂದ ದಕ್ಕಿದ್ದು ಒಂದು ದೊಡ್ಡ ಸುದ್ದಿ: 2.5 ಮಿ.ಗ್ರಾಂ. ಅವಳಿಗೆ ಸಾಕು. ಫೋನ್ ಮಾಡದೆ ಇದ್ದಿದ್ದರೆ ಅವಳ ಕಾಗದದಲ್ಲಿ ‘15 ದಿನಕ್ಕೇ ಮುಟ್ಟು, 2.5ಕ್ಕೆ ಫಲವಿಲ್ಲ’ ಎಂದು ಬರೆದು, 5, 7.5 ಎಂದು ಏರಿಸಿ, ಕೊನೆಗೆ ದುಬಾರಿ ಇಂಜೆಕ್ಷನ್ನಿಗೆ ತಂದು ನಿಲ್ಲಿಸುತ್ತಿದ್ದರು. ಗುಳಿಗೆ ಸೋತಿರಲಿಲ್ಲ. ಅಡ್ಡ ಬಂದದ್ದು ಪಂಚಮಿ.

ಕ್ಯಾಲೆಂಡರಿನ ಗುರುತುಗಳು

ಮನೆಯ ರೂಢಿಯಲ್ಲಿ ಒಂದು ಹನಿ ಕಂಡರೂ ಕಡಿಗಾದಂತೆ. ಮೈಲಿಗೆಯ ಲೆಕ್ಕಕ್ಕೆ ಕಲೆಯೂ ಒಂದೇ, ಹರಿವೂ ಒಂದೇ. ಚಿಕಿತ್ಸೆಯ ಲೆಕ್ಕ ಬೇರೆ. ಇವೆರಡೂ ‘ಕಡಿಗಾಗೀನಿ’ ಎಂಬ ಒಂದೇ ಮಾತಿನಲ್ಲಿ ಅಡಗಿರುವುದರಿಂದ ಡಾಕ್ಟರ ಮುಂದೆ ಕೂತಾಗ ಮಾತು ತಪ್ಪಿಹೋಗುತ್ತದೆ. ರೂಢಿಯ ಜೊತೆ ಜಗಳ ಮಾಡುವ ಗೊಡವೆಗೆ ಹೋಗದೆ, ನರ್ಸು ಅವಳ ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನೇ ಬಳಸಿಕೊಂಡಳು.

ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ರೊಟ್ಟಿಯ ಆರ್ಡರು, ಎಲ್ಲ ಇದ್ದ ಹಾಳೆ ಅದು. ಕಲೆ ಕಂಡ ದಿನಕ್ಕೆ ಕೆಂಪು ಪೆನ್ನಿನ ಒಂದು ಚುಕ್ಕಿ. ಪ್ಯಾಡ್ ತೊಯ್ದ ದಿನ ತಾರೀಖಿನ ಸುತ್ತ ದಪ್ಪ ಸುತ್ತು. ಲೋಳೆ ಎರಡು ಬೆರಳ ನಡುವೆ ಎಳೆಯಂತೆ ಜಗ್ಗಿದರೆ ‘ಲೋ’, ಕೂಡಿದ ದಿನ ಮೂಲೆಯಲ್ಲಿ ಯಾರಿಗೂ ತಿಳಿಯದ ಒಂದು ಗೀಟು. ಮೊದಲನೇ ದಿನವೆಂದರೆ ಮೊದಲ ದಪ್ಪ ಸುತ್ತು. ಅದರ ಹಿಂದಿನ ಚುಕ್ಕಿಗಳಿಗೆ ಲೆಕ್ಕವಿಲ್ಲ. ಸುತ್ತು ಬಿದ್ದ ಮೇಲೂ ಮೂರನೇ ದಿನ ಬೆಳಿಗ್ಗೆ ಮೊದಲ ಮೂತ್ರದಲ್ಲಿ ಗರ್ಭಪರೀಕ್ಷೆ, ಒಂದೇ ಗೆರೆ ಬಂದರಷ್ಟೇ ಗುಳಿಗೆ. ಗುಳಿಗೆಯೂ ಒಂದು ತಿಂಗಳದ್ದು ಮಾತ್ರ ಮನೆಯಲ್ಲಿ.

ಎಲ್‌ಎಚ್ ಪಟ್ಟಿ, ಅಂದರೆ ಅಂಡ ಬಿಡುವ ಮುನ್ನ ಏರುವ ಹಾರ್ಮೋನನ್ನು ಮೂತ್ರದಲ್ಲಿ ಗುರುತಿಸುವ ಪಟ್ಟಿ, ತರಲೇ ಎಂದು ಗಂಡ ಕೇಳಿದ್ದ. ಪಿಸಿಒಎಸ್ ಇದ್ದವರಲ್ಲಿ ಎಲ್‌ಎಚ್ ಮೊದಲೇ ಏರಿರುವುದುಂಟು, ದಿನವೂ ಎರಡು ಗೆರೆ ತೋರಿಸಿ ಕಾಡುತ್ತದೆ. ಬೇಡವೆಂದರು.

ಇನ್ನೊಂದು ಎಚ್ಚರಿಕೆಯನ್ನು ಅತ್ತೆಗೂ ಕೂಡಿಸಿಯೇ ಹೇಳಿದರು. ಜಾತ್ರೆ, ಗೃಹಪ್ರವೇಶವೆಂದು ಮುಟ್ಟು ಮುಂದೂಡಲು ಅಂಗಡಿಯಲ್ಲಿ ಕೇಳಿ ತರುವ ನೊರೆಥಿಸ್ಟಿರಾನ್ ಈ ಚಿಕಿತ್ಸೆಯ ತಿಂಗಳುಗಳಲ್ಲಿ ಮುಟ್ಟಕೂಡದು. ಅದನ್ನು ಬಿಟ್ಟೊಡನೆ ಬರುವ ರಕ್ತ ಗುಳಿಗೆ ಬಿಟ್ಟದ್ದಕ್ಕೆ ಬಂದದ್ದು. ಅದರಿಂದ ಅಂಡ ಬಿಟ್ಟಿತ್ತೋ ಇಲ್ಲವೋ ಏನೂ ತಿಳಿಯುವುದಿಲ್ಲ.

ನಡುವೆ ಕಾಣುವ ರಕ್ತವೆಲ್ಲ ಹೀಗೆ ನಿರುಪದ್ರವಿ ಎಂದೂ ಅಲ್ಲ. ಅಂಡವೇ ಬಿಡದ ತಿಂಗಳುಗಳಲ್ಲಿ ಪ್ರೊಜೆಸ್ಟಿರಾನಿನ ಹಿಡಿತವಿಲ್ಲದೆ ಒಳಪದರ ದಪ್ಪಗಾಗುತ್ತ ಹೋಗಿ, ತನ್ನ ಭಾರಕ್ಕೆ ತಾನೇ ಅಲ್ಲಲ್ಲಿ ಉದುರುತ್ತದೆ. ಅದು ಹತ್ತು ದಿನ, ಇಪ್ಪತ್ತು ದಿನ ಹನಿಯುತ್ತಲೇ ಇರಬಹುದು. ಪಿಸಿಒಎಸ್‌ನ ರಕ್ತಸ್ರಾವ ಹೆಚ್ಚಾಗಿ ಇಂಥದ್ದು, ಇವಳಿಗೆ ಹಿಂದೆ 22 ದಿನಕ್ಕೇ ಕಂಡ ರಕ್ತವೂ ಇದೇ ಇದ್ದೀತು. ಕೂಡಿದ ಮೇಲೆ ಪ್ರತಿ ಸಲ ರಕ್ತ ಕಂಡರೆ ಗರ್ಭಕಂಠ ನೋಡಬೇಕು. ಪಾಲಿಪ್, ಗಡ್ಡೆ, ಸೋಂಕು, ನಮ್ಮ ದೇಶದಲ್ಲಿ ಗರ್ಭಕೋಶದ ಕ್ಷಯವನ್ನೂ ಮರೆಯುವಂತಿಲ್ಲ. ಎಂಟು ದಿನ ಮೀರಿದ ಹರಿವು, ತಾಸಿಗೊಂದು ಪ್ಯಾಡ್ ತೊಯ್ಯುವುದು, ತಲೆಸುತ್ತು, ಜ್ವರ, ಒಂದೇ ಪಕ್ಕದಲ್ಲಿ ಕಿತ್ತು ಬರುವ ನೋವು, ಇವುಗಳಲ್ಲಿ ಯಾವುದಿದ್ದರೂ ಕ್ಯಾಲೆಂಡರ್ ಬಿಟ್ಟು ದವಾಖಾನೆಗೆ ಹೋಗಬೇಕು.

ಎರಡನೇ ಸುತ್ತು

ಅದೇ 2.5. 11ನೇ ದಿನ 12 ಮಿ.ಮೀ., 13ನೇ ದಿನ 16, 15ನೇ ದಿನ 20. ಒಳಪದರ 8.2, ಮೂರು ಗೆರೆ ಸ್ಪಷ್ಟ. ಗಂಡನಿಗೆ ಬ್ಯಾಡಗಿಗೆ ಮೆಣಸಿನಕಾಯಿ ಬಾಡಿಗೆ ಹೋಗುವುದಿದ್ದುದರಿಂದ ದಿನ ಗೊತ್ತುಮಾಡಿಕೊಳ್ಳಲು 15ನೇ ದಿನ ರಾತ್ರಿ ಅಂಡ ಬಿಡಿಸುವ ಎಚ್‌ಸಿಜಿ 5000 ಯೂನಿಟ್ ಇಂಜೆಕ್ಷನ್ ಕೊಟ್ಟರು. ಕೊಟ್ಟ ಸುಮಾರು 36 ತಾಸಿಗೆ ಅಂಡ ಹೊರಬೀಳುತ್ತದೆ. ಅಂಡ ಬದುಕುವುದು ಹೆಚ್ಚೆಂದರೆ ಒಂದು ದಿನ, ವೀರ್ಯಾಣು ಐದು ದಿನದವರೆಗೂ ಕಾಯಬಲ್ಲದು. ಹಾಗಾಗಿ ಕೂಡುವುದು ಮೊದಲೇ ಆಗಿರಬೇಕು, ಅಂಡ ಬಿಟ್ಟ ಮೇಲೆ ಅವಸರ ಮಾಡಿ ಪ್ರಯೋಜನವಿಲ್ಲ.

24ನೇ ದಿನ ತಡೆಯಲಾರದೆ ಮನೆಯಲ್ಲೇ ಪರೀಕ್ಷೆ ಮಾಡಿದಳು, ತೆಳುವಾಗಿ ಎರಡನೇ ಗೆರೆ ಬಂತು. ಅದು ಇಂಜೆಕ್ಷನ್ನಿನದೇ ಎಚ್‌ಸಿಜಿ, ಗರ್ಭಪರೀಕ್ಷೆ ಹುಡುಕುವುದೂ ಇದೇ ಹಾರ್ಮೋನನ್ನು. ಎರಡು ವಾರದವರೆಗೂ ಮೈಯಲ್ಲಿ ಉಳಿದು ಹೀಗೆ ಆಸೆ ಹುಟ್ಟಿಸುತ್ತದೆ. 31ನೇ ದಿನ ಮುಟ್ಟಾಯಿತು.

ಈ ನಡುವೆ ಹಿಮೋಗ್ಲೋಬಿನ್ 11.2ಕ್ಕೆ ಏರಿತ್ತು. ಕಬ್ಬಿಣದ ಗುಳಿಗೆಯನ್ನು ಅವಳು ಮೊದಲು ಚಹಾದ ಜೊತೆ ನುಂಗುತ್ತಿದ್ದಳು, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಲಿಂಬೆ ನೀರಿಗೆ ಬದಲಿಸಿದ್ದೇ ಸಾಕಾಯಿತು. ದಿನಕ್ಕೆ ಆರು ಕಪ್ ಚಹಾ ಎರಡಕ್ಕಿಳಿದು, ಸಂಜೆಯ ಗಿರ್ಮಿಟ್ ಮಿರ್ಚಿ ವಾರಕ್ಕೊಮ್ಮೆಯಾಗಿ ತೂಕ 66ರಿಂದ 62.5ಕ್ಕೆ ಬಂತು. ಪಿಸಿಒಎಸ್‌ನಲ್ಲಿ ಶೇ. 5ರಷ್ಟು ಇಳಿದರೂ ಅಂಡೋತ್ಪತ್ತಿ ಸುಧಾರಿಸುತ್ತದೆ. ರೊಟ್ಟಿ ಬಿಡಬೇಕಾಗಿ ಬರಲಿಲ್ಲ. ಫೋಲಿಕ್ ಆಮ್ಲ ಮೊದಲಿನಿಂದಲೂ ನಡೆದಿತ್ತು. ಗಂಡನ ಮರುಪರೀಕ್ಷೆ ಶೇ. 34.

ಮೂರನೇ ಸುತ್ತು

ಪ್ರಮಾಣ ಅದೇ, ಇಂಜೆಕ್ಷನ್ ಇಲ್ಲ, ತಾನಾಗಿಯೇ ಅಂಡ ಬಿಡುವವಳಿಗೆ ಅದು ಬೇಕೇ ಬೇಕೆಂದಿಲ್ಲ. 14ನೇ ದಿನ 18.5 ಮಿ.ಮೀ., 17ನೇ ದಿನ ಗುಳ್ಳೆ ಕುಸಿದಿತ್ತು. ಕ್ಯಾಲೆಂಡರಿನಲ್ಲಿ 13, 14, 15ಕ್ಕೆ ‘ಲೋ’, 16ಕ್ಕೆ ಒಂದು ಚುಕ್ಕಿ. ಈ ಸಲ ಆ ಚುಕ್ಕಿಗೆ ಯಾರೂ ಬೆದರಲಿಲ್ಲ.

27ನೇ ದಿನ ಮತ್ತೆ ರಕ್ತ. ಕಂದಲ್ಲ, ಕೆಂಪು. ಒಂದೂವರೆ ದಿನ, ಕಿಬ್ಬೊಟ್ಟೆ ನೋವೂ ಇತ್ತು. ಪ್ಯಾಡ್ ಅರ್ಧ ತೊಯ್ದಿತ್ತು, ಚುಕ್ಕಿ ಇಡಬೇಕೋ ಸುತ್ತು ಹಾಕಬೇಕೋ ತಿಳಿಯದೆ ಅರ್ಧ ಸುತ್ತು ಹಾಕಿದಳು. ಅತ್ತೆ ಆಗಲೇ ಹೊರಗೆ ಚಾಪೆ ಹಾಸಿದ್ದಳು. ದಿನದ ಲೆಕ್ಕವೂ ಮುಟ್ಟೆಂದೇ ಹೇಳುವಂತಿತ್ತು, ಒಂದೆರಡು ದಿನ ಮೊದಲು ಬಂದಿದೆ ಅಷ್ಟೇ. 29ನೇ ದಿನ, ಅಂದರೆ ಆ ಲೆಕ್ಕದ ಮೂರನೇ ದಿನ ಬೆಳಿಗ್ಗೆ, ಗುಳಿಗೆಗೂ ಮೊದಲು ಪರೀಕ್ಷೆ ಮಾಡಿದಳು.

ಎರಡು ಗೆರೆ. ಈ ಸಲ ಇಂಜೆಕ್ಷನ್ ಇರಲಿಲ್ಲವಾದ್ದರಿಂದ ಸಂಶಯಕ್ಕೂ ಜಾಗವಿರಲಿಲ್ಲ.

ರಕ್ತದ ಬೀಟಾ ಎಚ್‌ಸಿಜಿ ಆ ದಿನ 142, ಎರಡು ದಿನ ಬಿಟ್ಟು 318. ಗರ್ಭ ನಿಂತ ಹೊಸತರಲ್ಲಿ 48 ತಾಸಿಗೆ ಇದು ಅರ್ಧದಷ್ಟಾದರೂ ಹೆಚ್ಚಬೇಕು. ಹೆಚ್ಚದೆ ಎಳೆದಾಡಿದರೆ, ಅಥವಾ ಒಂದೇ ಪಕ್ಕದ ನೋವು, ಭುಜದ ನೋವು, ತಲೆಸುತ್ತು ಇದ್ದರೆ, ನಳಿಕೆಯಲ್ಲಿ ಗರ್ಭ ನಿಂತಿರುವ ಸಂಶಯ. ಆಗ ಕಾಯುವಂತಿಲ್ಲ. ರಕ್ತದ ಗುಂಪು ಬಿ ಪಾಸಿಟಿವ್ ಇದ್ದುದರಿಂದ ನೆಗೆಟಿವ್ ಗುಂಪಿನವರಿಗೆ ಕೊಡುವ ಆ್ಯಂಟಿ-ಡಿ ಇಂಜೆಕ್ಷನ್ನಿನ ಪ್ರಶ್ನೆ ಬರಲಿಲ್ಲ. ಪ್ರೊಜೆಸ್ಟಿರಾನ್ ಕೊಡಿ ಎಂದು ಮನೆಯವರು ಒತ್ತಾಯಿಸಿದರು. ಹಿಂದೆ ಗರ್ಭಪಾತವಾಗಿದ್ದು ಈಗ ರಕ್ತ ಕಂಡವರಿಗೆ ಅದರಿಂದ ಉಪಯೋಗವಿದೆ, ಹಿಂದೆ ಗರ್ಭಪಾತ ಆಗಿಲ್ಲದವರಿಗೆ ಹೆಚ್ಚಿನ ಲಾಭ ಕಂಡಿಲ್ಲ. ಇವಳಿಗೆ ಕೊಡಲಿಲ್ಲ. ಹಾಸಿಗೆ ಹಿಡಿದು ಮಲಗಲೂ ಹೇಳಲಿಲ್ಲ.

47ನೇ ದಿನದ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದೊಳಗೇ ಒಂದು ಚೀಲ, ಒಂದು ಭ್ರೂಣ, ಎದೆಬಡಿತ. ಅಳತೆ 6 ವಾರ 3 ದಿನ. ಮುಟ್ಟಿನ ಲೆಕ್ಕ 6 ವಾರ 4 ದಿನ ಹೇಳುತ್ತಿತ್ತು. ಅಂಡ ಒಂದು ದಿನ ತಡವಾಗಿ ಬಿಟ್ಟಿದ್ದರಿಂದ ಇದು ಸರಿಯಾಗಿಯೇ ಕೂಡಿತು. ಕಂದು ಕಲೆ ಏಳನೇ ವಾರದವರೆಗೆ ಆಗೊಮ್ಮೆ ಈಗೊಮ್ಮೆ ಕಂಡು ನಿಂತಿತು. ಮೊದಲ ಸುತ್ತಿನಲ್ಲಿ ನಿಲ್ಲಿಸಿದ್ದ 5 ಮಿ.ಗ್ರಾಂ. ಪಟ್ಟಿಯ ಉಳಿದ ಗುಳಿಗೆಗಳು ಇನ್ನೂ ಕಬ್ಬಿಣದ ಗುಳಿಗೆಯ ಡಬ್ಬಿಯಲ್ಲೇ ಇದ್ದವು. ನರ್ಸು ತರಿಸಿಕೊಂಡು ತಾನೇ ತೆಗೆದಿಟ್ಟಳು.

ತಾಯಿ ಕಾರ್ಡ್ ಮಾಡಿಸಲು ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಕೇಳಿದ ಮೊದಲ ಪ್ರಶ್ನೆ, ‘ಕಡೇ ಸಲ ಯಾವಾಗ ಕಡಿಗಾಗಿದ್ದೆವ್ವಾ?’ ಅತ್ತೆ ತಾನು ಚಾಪೆ ಹಾಸಿದ ತಾರೀಖು ಹೇಳಿದಳು. ಅದನ್ನು ಬರೆದಿದ್ದರೆ ಹೆರಿಗೆಯ ದಿನ ನಾಲ್ಕು ವಾರದ ಹತ್ತಿರ ಮುಂದೆ ಹೋಗುತ್ತಿತ್ತು. ಸೊಸೆ ಗೋಡೆಯ ಕ್ಯಾಲೆಂಡರ್ ಇಳಿಸಿ, ಅರ್ಧ ಸುತ್ತಿದ್ದ ಹಾಳೆ ಮಡಚಿ, ಹಿಂದಿನ ತಿಂಗಳ ದಪ್ಪ ಸುತ್ತಿನ ಮೇಲೆ ಬೆರಳಿಟ್ಟಳು: ‘ಇದನ್ನ ಬರಕೋರಿ ಅಕ್ಕಾರ.’